ದಡಿ ಇಲ್ಲದ ಕ್ಯೂಬು

ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ, ಸುಳ್ಳು ಹೇಳಬೇಡಿ. ಟಿವಿಯ ಕೆಳಗಿನ ಗೂಡಿನಲ್ಲೋ, ಬರೆಯದ ಪೆನ್ನುಗಳೂ ಯಾವ ಬೀಗಕ್ಕೂ ಹೊಂದದ ಕೀಲಿಗಳೂ ಸೇರಿಕೊಂಡಿರುವ ಡಬ್ಬಿಯಲ್ಲೋ, ಮಂಚದ ಕೆಳಗಿನ ಧೂಳಿನಲ್ಲೋ ಬಿದ್ದಿರುತ್ತದೆ. ಆರು ಮುಖ, ಆರು ಬಣ್ಣ, ಮುಖಕ್ಕೆ ಒಂಬತ್ತು ಚೌಕ. ಅಂಗಡಿಯಿಂದ ತಂದಾಗ ಒಂದೊಂದು ಮುಖಕ್ಕೆ ಒಂದೊಂದೇ ಬಣ್ಣವಿತ್ತು. ಮನೆಗೆ ಬಂದ ಮೇಲೆ ಯಾರೋ ಒಬ್ಬರು, ಯಾರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ, ಸುಮ್ಮನೆ ನಾಲ್ಕು ಸಲ ತಿರುವಿದರು. ಅಲ್ಲಿಗೆ ಅದರ ಕತೆ ಮುಗಿಯಿತು. ಅದು ಮತ್ತೆ ಮೊದಲಿನಂತೆ ಆಗಲಿಲ್ಲ, ನೀವು ಅದನ್ನು ಎಸೆಯಲೂ ಇಲ್ಲ. ಜೊತೆಗೆ ಬಂದ ಕಾರು, ಬಂದೂಕು, ಕುಣಿಯುವ ಮಂಗ ಎಲ್ಲವೂ ಗುಜರಿ ಸೇರಿವೆ. ಇದೊಂದು ಮಾತ್ರ ಇದೆ.

ಯಾಕೆ ಇದೆ ಎನ್ನುವುದೇ ನನ್ನ ತಕರಾರು. ಆಟಿಕೆ ಅಂದಮೇಲೆ ಆಡುವವರಿಗೆ ಸ್ವಲ್ಪ ಖುಷಿ ಕೊಡಬೇಕೋ ಬೇಡವೋ? ಗೋಲಿ ಆಡಿದರೆ ಒಬ್ಬರಾದರೂ ಗೆಲ್ಲುತ್ತಾರೆ. ಚೌಕಾಬಾರದಲ್ಲಿ ಸೋತರೆ ಕವಡೆಗೆ ಬೈಯಬಹುದು. ಇದರಲ್ಲಿ ಎದುರಾಳಿ ಇಲ್ಲ, ಕವಡೆ ಇಲ್ಲ, ಬೈಯಲಿಕ್ಕೆ ನಮ್ಮನ್ನು ಬಿಟ್ಟರೆ ಬೇರೆ ಗತಿ ಇಲ್ಲ. ಆದರೂ ಜಗತ್ತು ಇದನ್ನು ಇಷ್ಟು ವರ್ಷದಿಂದ ಬಿಡದೆ ತಿರುವುತ್ತಲೇ ಇದೆ. ಹೆಸರು ಕೇಳಿದರೆ ಕ್ಯೂಬು ಎನ್ನುತ್ತಾರೆ. ನಾನು ಇಟ್ಟ ಹೆಸರು ಬೇರೆ, ಅಚ್ಚಿಗೆ ತಕ್ಕದ್ದಲ್ಲ.

ಇದು ನಮ್ಮ ಮನೆಗೆ ಬಂದದ್ದು ಅವ್ವನ ಬಲಗೈಗಾಗಿ. ನಾವು ಇಳಕಲ್ಲಿನ ನೇಕಾರರು. ನಾನೊಬ್ಬ ಕುಲಕಸುಬು ಬಿಟ್ಟವ, ಹುನಗುಂದದ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ. ತಮ್ಮ ನಿಂಗಪ್ಪ ಇನ್ನೂ ಪಡಸಾಲೆಯ ಮಗ್ಗದಲ್ಲೇ ಕೂಡುತ್ತಾನೆ. ನಮ್ಮೂರ ಸೀರೆ ನೀವು ಉಟ್ಟಿರುತ್ತೀರಿ, ಇಲ್ಲವೇ ಉಟ್ಟವರನ್ನು ನೋಡಿರುತ್ತೀರಿ. ಅದರ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಅವ್ವ ಕೊಂಡಿ ಹಾಕಿದರೆ ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಹತ್ತಿತು ಎಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ನಮ್ಮ ಮಗ್ಗದ ಕೊಂಡಿಗೆ ಇನ್ನೊಬ್ಬರ ಕೈ ಸೋಕಲು ಅವಳು ಬಿಟ್ಟವಳೇ ಅಲ್ಲ.

ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಬಾಗಲಕೋಟೆಗೆ ಒಯ್ದೆವು. ಮಾತು ತಿರುಗಿ ಬಂತು, ಅದೂ ಬಡ್ಡಿ ಸಮೇತ. ಕಾಲು ಎಳೆದೆಳೆದು ನಡೆಯುವಷ್ಟು ಬಂತು. ಬಲಗೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಬೆರಳು ಮಡಚಿಕೊಂಡು ಬಿದ್ದಿರುತ್ತಿತ್ತು. ಕೈಗೆ ವ್ಯಾಯಾಮ ಮಾಡಿಸುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಚುಕಬೇಕು, ಸುಮ್ಮನೆ ಬಿಟ್ಟರೆ ಬೆರಳು ಹೀಗೇ ಸೆಟೆದು ಹೋಗುತ್ತವೆ, ಆಮೇಲೆ ಯಾರಿಂದಲೂ ಏನೂ ಮಾಡಲಾಗದು ಎಂದು ಹೇಳಿ ಕಳಿಸಿದಳು.

ಅವ್ವ ಆ ಚೆಂಡನ್ನು ಒಮ್ಮೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನಾನೇನು ಕೂಸೇ ಎಂದು ಕೇಳಿದಳು. ಸಂಜೆ ಹೊತ್ತಿಗೆ ಚೆಂಡು ಪಕ್ಕದ ಮನೆಯ ಬೆಕ್ಕಿನ ಪಾಲಾಯಿತು. ಜೋಳದ ಹಿಟ್ಟು ನಾದಿಸೋಣ ಎಂದು ನನ್ನ ಹೆಂಡತಿ ಶಾಂತಾ ಪರಾತ ತಂದಿಟ್ಟಳು. ಅರ್ಧಮರ್ಧ ನಾದಿದ ಹಿಟ್ಟಿನ ರೊಟ್ಟಿ ತಿನ್ನುವ ಕರ್ಮ ನಮ್ಮ ಮನೆತನಕ್ಕೆ ಬಂದಿಲ್ಲ ಎಂದು ಅವ್ವ ಅದನ್ನೂ ಸರಿಸಿದಳು. ಇತ್ತ ಕೊಂಡಿ ಹಾಕಲಿಕ್ಕೆ ಓಣಿಯ ಪರವ್ವನನ್ನು ಕರೆಸಬೇಕಾಯಿತು. ಪರವ್ವ ಬಂದಾಗಲೆಲ್ಲ ಅವ್ವ ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಎದ್ದ ಮೇಲೆ ಮಗ್ಗದ ಹತ್ತಿರ ಹೋಗಿ, ಎಡಗೈಯಿಂದ ಆ ಕೊಂಡಿಯನ್ನು ಸವರಿ, ಏನೂ ಅನ್ನದೆ ಬರುತ್ತಿದ್ದಳು. ಏನಾದರೂ ಅಂದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಶಾಂತಾಳ ತಮ್ಮ ವೀರೇಶನ ಅಂಗಡಿ ಕುಳಗೇರಿ ಕ್ರಾಸಿನಲ್ಲಿದೆ. ಬಳೆ, ಬಾಚಣಿಕೆ, ಮೊಬೈಲ್ ಕವರು, ಆಟಿಕೆ, ಏನು ಕೇಳಿದರೂ ಇದೆ ಎನ್ನುವ ಅಂಗಡಿ. ಮಹಾಕೂಟದ ದೇವಸ್ಥಾನಕ್ಕೆ ಹೋದಾಗ ಅವನಲ್ಲಿಗೂ ಹೋಗಿದ್ದೆವು. ಮಹಾಕೂಟದ ಹೊಂಡದಲ್ಲಿ ಮುಳುಗೆದ್ದರೆ ಕೈ ಬಂದೀತು ಎಂದು ಶಾಂತಾಳ ನಂಬಿಕೆ. ಕೈ ಬಾರದೆ ದೇವರಿಗೆ ಎರಡೂ ಕೈ ಹೇಗೆ ಮುಗಿಯಲಿ ಎಂದು ಅವ್ವ ಮನೆ ಬಿಟ್ಟು ಕದಲಿರಲಿಲ್ಲ. ಕೈಗಾಗಿ ಹೊಂಡ, ಹೊಂಡಕ್ಕಾಗಿ ಕೈ. ಕಡೆಗೆ ನಾವಿಬ್ಬರೇ ಹೋಗಿ ಮುಳುಗಿ ನೆಗಡಿ ತಂದುಕೊಂಡೆವು. ನಮ್ಮ ಗೋಳು ಕೇಳಿದ ವೀರೇಶ ಮೊಳೆಗೆ ತೂಗುಬಿಟ್ಟಿದ್ದ ಕ್ಯೂಬೊಂದನ್ನು ಕಿತ್ತು ಕೊಟ್ಟ.

"ಇದನ್ನ ಒಯ್ದ ಕೊಡ್ರಿ ಮಾಮಾ. ಕೈಯಾಗ ಹಿಡದ ಮ್ಯಾಲ ಇದನ್ನ ಬಿಟ್ಟವರನ್ನ ನಾ ಇನ್ನೂ ನೋಡಿಲ್ಲ," ಎಂದ.

ಮಾತು ಖರೆಯಾಯಿತು. ಆದರೆ ಹಿಡಿದದ್ದು ಅವ್ವನನ್ನಲ್ಲ.

ಇದನ್ನು ಹುಡುಕಿ ತೆಗೆದವನ ಬಗ್ಗೆ ಸ್ವಲ್ಪ ಹೇಳಬೇಕು. ಹೇಳದಿದ್ದರೆ ನನ್ನ ಹೊಟ್ಟೆಯ ಬೆಂಕಿ ಆರುವುದಿಲ್ಲ. ಯುರೋಪಿನ ಹಂಗೇರಿ ಎಂಬ ದೇಶದಲ್ಲಿ ಕಟ್ಟಡ ಶಾಸ್ತ್ರ ಕಲಿಸುವ ಒಬ್ಬ ಮೇಷ್ಟ್ರು ಇದ್ದನಂತೆ. ಬಿಡಿ ಭಾಗಗಳು ಒಂದರ ಸುತ್ತ ಒಂದು ತಿರುಗಿದರೂ ಇಡೀ ವಸ್ತು ಬಿಚ್ಚಿ ಬೀಳದಂತೆ ಮಾಡಲಾದೀತೇ ಎಂಬ ಯೋಚನೆ ಅವನ ತಲೆ ಹೊಕ್ಕಿತು. ನಮ್ಮ ಊರಿನಲ್ಲಿ ಇಂಥ ಪ್ರಶ್ನೆ ತಲೆ ಹೊಕ್ಕರೆ ಮನೆಯವರು ಮದುವೆ ಮಾಡುತ್ತಾರೆ. ಅವನಿಗೆ ಹೇಳುವವರು ಯಾರೂ ಇರಲಿಲ್ಲವೇನೋ, ಕಟ್ಟಿಗೆಯ ತುಂಡು, ರಬ್ಬರ್ ಬ್ಯಾಂಡು ಸೇರಿಸಿ ಮಾಡಿಯೇ ಬಿಟ್ಟ. ಗುರುತಿಗೆಂದು ಬಣ್ಣ ಹಚ್ಚಿದ. ನಾಲ್ಕು ಸಲ ತಿರುವಿ ಬಣ್ಣ ಕಲೆಯುವುದನ್ನು ನೋಡಿ ಸಂತೋಷಪಟ್ಟ. ಆಮೇಲೆ ಮೊದಲಿನಂತೆ ಮಾಡಲು ಹೋದ. ಬರಲಿಲ್ಲ! ತಾನೇ ಮಾಡಿದ್ದು, ತನ್ನ ಕೈಯಾರೆ ಕೆಡಿಸಿದ್ದು, ತನಗೇ ಬರಲಿಲ್ಲ. ತಿಂಗಳುಗಟ್ಟಲೆ ಒದ್ದಾಡಿದನಂತೆ. ಇರಲಾರದವ ಇರುವೆ ಬಿಟ್ಟುಕೊಂಡ ಅನ್ನುವುದು ಇದಕ್ಕೇ.

ಅವನು ತಾನೊಬ್ಬನೇ ಒದ್ದಾಡಿ ಸುಮ್ಮನಿದ್ದರೆ ನನ್ನದೇನೂ ಆಕ್ಷೇಪ ಇರುತ್ತಿರಲಿಲ್ಲ. ಇದನ್ನು ಜನರಿಗೂ ಕೊಡೋಣ ಎನ್ನಿಸಿತು ನೋಡಿ, ಅಲ್ಲಿ ನನಗೂ ಅವನಿಗೂ ಜಗಳ. ಆ ಹೊತ್ತಿಗೆ ಅವನು ತಾಯಿಯ ಜೊತೆಗೇ ಇದ್ದನೆಂದು ಎಲ್ಲೋ ಓದಿದ ನೆನಪು. ಊಟಕ್ಕೆ ಕರೆದಾಗ ಬಾರದೆ ಮೂಲೆಯಲ್ಲಿ ಕೂತು ಟಕಟಕ ತಿರುವುತ್ತಿದ್ದ ಮಗನಿಗೆ ಆ ತಾಯಿ ಏನೆಂದಳು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿದ್ದರೆ ಅದೇ ನಿಜವಾದ ಇತಿಹಾಸ.

ನಾನು ಇದನ್ನು ಮೊದಲು ನೋಡಿದ್ದು ಸಣ್ಣವನಿದ್ದಾಗ. ಸೊಲ್ಲಾಪುರದಲ್ಲಿ ಮಗ್ಗ ಹಾಕಿಕೊಂಡಿದ್ದ ಸೋದರಮಾವ ದೀಪಾವಳಿಗೆ ಬರುವಾಗ ಒಂದು ತಂದಿದ್ದ. ಓಣಿಯಲ್ಲಿ ಅಂಥದ್ದು ಅದೊಂದೇ. ನೋಡಲು ಬಂದ ಹಿರಿಯರು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಸಂಜೆಯೊಳಗೆ ಅದು ಕೆಟ್ಟು ಕುಲಗೆಟ್ಟಿತು. ನಮ್ಮ ಕಾಕಾನ ಮಗ ಮಲ್ಲೇಶಿ, ವಯಸ್ಸಿನಲ್ಲಿ ನನಗಿಂತ ದೊಡ್ಡವ, ಧೈರ್ಯದಲ್ಲಿ ಇನ್ನೂ ದೊಡ್ಡವ, ತಾನು ಸರಿ ಮಾಡುತ್ತೇನೆ ಎಂದು ಅಟ್ಟಕ್ಕೆ ಒಯ್ದ. ಮರುದಿನ ಇಳಿದು ಬಂದಾಗ ಆರೂ ಮುಖ ಸರಿಯಾಗಿದ್ದವು. ಊರೇ ಬೆರಗಾಯಿತು. ಮಾವ ಅವನಿಗೆ ಹೊಸ ಅಂಗಿ ಕೊಡಿಸಿದ. ನನಗೆ ಚಡ್ಡಿಯೂ ಇಲ್ಲ.

ಮಲ್ಲೇಶಿ ಮಾಡಿದ್ದಿಷ್ಟು. ಬಣ್ಣದ ಚೀಟಿಗಳನ್ನು ಉಗುರಿನಿಂದ ಕಿತ್ತು, ಬೇಕಾದಲ್ಲಿ ಮತ್ತೆ ಅಂಟಿಸಿದ್ದ. ಜಗತ್ತಿನ ಎಲ್ಲ ಹುಡುಗರೂ ಇದನ್ನೇ ಮಾಡಿದ್ದಾರೆ, ಅದೇನೂ ವಿಶೇಷವಲ್ಲ. ಆದರೆ ನೇಕಾರರ ಮನೆಯ ಹುಡುಗ ಅಂಟಿಗೆ ಎಲ್ಲಿಗೆ ಹೋಗಬೇಕು? ಹಾಸಿನ ಎಳೆಗೆ ಹಚ್ಚುವ ಗಂಜಿಯ ಗಡಿಗೆ ಹಿತ್ತಲಲ್ಲೇ ಇತ್ತು. ಉದಾರವಾಗಿ ಹಚ್ಚಿದ್ದ. ಗಂಜಿ ಸಂದುಗಳಿಗೆಲ್ಲ ಇಳಿದು, ಬಿಸಿಲಿಗೆ ಒಣಗಿ, ಕ್ಯೂಬು ಕಲ್ಲಾಗಿತ್ತು. ತಿರುವಲು ಹೋದವರು ಬೆವರಿದರು. ನಮ್ಮಪ್ಪ ಎರಡೂ ಕೈಯಿಂದ ಹಿಡಿದು, ಮಗ್ಗದ ಕೆಳಗಿನ ಕುಣಿಯ ಅಂಚಿಗೆ ಕಾಲು ಕೊಟ್ಟು ತಿರುವಿದಾಗ ಲಟಕ್ಕೆಂದು ಎರಡು ಹೋಳಾಯಿತು. ಅದರ ಮೂಲೆಯ ಒಂದು ತುಂಡನ್ನು ಅವ್ವ ಬಹಳ ದಿನ ದೀಪದ ಬುಡಕ್ಕೆ ಇಡುತ್ತಿದ್ದಳು. ಆವತ್ತಿಗೆ ಇದರ ಸಹವಾಸ ನನಗೆ ಬೇಡವಾಗಿತ್ತು. ಈಗ ವೀರೇಶ ಅದೇ ಶನಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಳಿಸಿದ್ದ.

ಅವ್ವ ಅದನ್ನು ಮುಟ್ಟಲಿಲ್ಲ. ಬಲಗೈಯ ಮೇಲೆ ನಾನೇ ಇಟ್ಟೆ, ಜಾರಿ ಬಿತ್ತು. ಬಿದ್ದದ್ದನ್ನು ಎತ್ತಿ, ಹೀಗೆ ತಿರುವಬೇಕು ಎಂದು ತೋರಿಸಲಿಕ್ಕೆ ನಾಲ್ಕು ಸಲ ತಿರುವಿದೆ. ಯಾರೋ ಒಬ್ಬರು ಎಂದು ಮೊದಲಿಗೆ ಹೇಳಿದೆನಲ್ಲ, ನಮ್ಮ ಮನೆಯ ಮಟ್ಟಿಗೆ ಅವರು ಯಾರೆಂದು ಎಲ್ಲರಿಗೂ ಗೊತ್ತು. ಸರಿ ಮಾಡಿ ಕೊಟ್ಟುಬಿಡುತ್ತೇನೆ ಎಂದು ಕೂತೆ. ಊಟ ಆರಿತು. ಕ್ಯೂಬು ನನ್ನದಾಯಿತು.

ಮರುದಿನದಿಂದ ಬಸ್ಸಿನಲ್ಲಿ ಅದೇ ಕೆಲಸ. ಇಳಕಲ್ಲಿನಿಂದ ಹುನಗುಂದಕ್ಕೆ ದೂರ ಏನಿಲ್ಲ, ಆದರೆ ಆ ದಾರಿಯಲ್ಲಿ ಕ್ಯೂಬು ಹಿಡಿದು ಕೂತವನಿಗೆ ಏನೆಲ್ಲ ಆಗಬಹುದು ಎಂಬುದನ್ನು ಅನುಭವಿಸಿಯೇ ತಿಳಿಯಬೇಕು. ಕೈಯಲ್ಲಿ ಪುಸ್ತಕ ಹಿಡಿದರೆ ಯಾರೂ ಕೇಳುವುದಿಲ್ಲ. ಕ್ಯೂಬು ಹಿಡಿಯಿರಿ, ಇಡೀ ಬಸ್ಸು ನಿಮ್ಮ ಬೀಗರಾಗುತ್ತದೆ. ಪಕ್ಕದವನು ಸ್ವಲ್ಪ ಹೊತ್ತು ನೋಡಿ, ಹಂಗಲ್ಲರಿ, ಮೊದಲು ಬಿಳಿದು ತರಬೇಕು ಎನ್ನುತ್ತಾನೆ. ಹಿಂದಿನವನು, ಬಿಳಿದಲ್ಲ, ಕೆಂಪು ಎನ್ನುತ್ತಾನೆ. ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುವವನೊಬ್ಬ, ತಲೆಗೂದಲೆಲ್ಲ ಕಲ್ಲಿನ ಹಿಟ್ಟು, ಕೊಡ್ರಿ ಇಲ್ಲೆ ಎಂದು ಕಸಿದುಕೊಂಡು, ತಿರುವಿ ತಿರುವಿ, ನನ್ನ ಎರಡು ದಿನದ ದುಡಿಮೆಯನ್ನು ಮಣ್ಣುಪಾಲು ಮಾಡಿ, ಇದು ಕೆಟ್ಟೈತ್ರಿ, ಬದಲಿ ಮಾಡಿಸ್ಕೊಳ್ರಿ ಎಂದು ತಿರುಗಿ ಕೊಟ್ಟ. ಕಂಡಕ್ಟರನೂ ಒಮ್ಮೆ ಟಿಕೆಟ್ ಹರಿಯುವುದು ಬಿಟ್ಟು ಇದನ್ನೇ ಹಿಡಿದು ನಿಂತ. ಅವತ್ತು ಹಲವರು ಪುಕ್ಕಟೆ ಪ್ರಯಾಣ ಮಾಡಿದರು.

ಇದು ಇಷ್ಟು ಕಾಲ ಯಾಕೆ ಬಾಳಿತು ಎಂಬ ನನ್ನ ಪ್ರಶ್ನೆಗೆ ಆ ಬಸ್ಸಿನಲ್ಲೇ ಉತ್ತರ ಸಿಕ್ಕಿತೆನ್ನಿ. ಬೇರೆ ಕಷ್ಟಗಳನ್ನು ನೋಡಿದರೆ ಇದು ನನ್ನ ಕೈಲಿ ಆಗದು ಎಂದು ಮೊದಲೇ ತಿಳಿಯುತ್ತದೆ. ಇದನ್ನು ನೋಡಿದ ಯಾವ ಮನುಷ್ಯನಿಗೂ ಹಾಗೆ ಅನಿಸುವುದಿಲ್ಲ. ಮುಂದಿನವನು ದಡ್ಡ, ನಾನಾದರೆ ಮಾಡುತ್ತೇನೆ ಎಂದೇ ಪ್ರತಿಯೊಬ್ಬನಿಗೂ ಅನಿಸುತ್ತದೆ. ಆ ಹಂಗೇರಿಯವನಿಗೂ ಹಾಗೇ ಅನಿಸಿತ್ತು, ಮಲ್ಲೇಶಿಗೂ ಅನಿಸಿತ್ತು. ಇಂಥ ದುರಭಿಮಾನದ ಮೇಲೆ ಕಟ್ಟಿದ ವ್ಯಾಪಾರ ಮುಳುಗುವುದಾದರೂ ಹೇಗೆ?

ನಾನು ಕಡೆಗೆ ಮೊಬೈಲಿನ ವಿಡಿಯೋಗಳಿಗೆ ಶರಣಾದೆ. ಮೇಲಿನದು ಬಲಕ್ಕೆ, ಮುಂದಿನದು ಕೆಳಕ್ಕೆ ಎಂದು ಹಾಲುಗಲ್ಲದ ಪೋರರು ಪಾಠ ಹೇಳುತ್ತಾರೆ, ನಾನು ಬಾಯಿಪಾಠ ಮಾಡಿದೆ. ಮಂತ್ರದ ಅರ್ಥ ತಿಳಿಯದೆ ಮದುವೆ ಮಾಡಿಸುವವರ ಹಾಗೆ, ಯಾವ ತಿರುವು ಯಾಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಅಂತೂ ಒಂದು ಭಾನುವಾರ ಆರೂ ಮುಖ ಸರಿಯಾದವು. ಶಾಂತಾಳನ್ನು ಕರೆದೆ, ನಿಂಗಪ್ಪನನ್ನು ಮಗ್ಗದಿಂದ ಎಬ್ಬಿಸಿದೆ. ಅವ್ವನ ಮುಂದೆ ಹಿಡಿದೆ. ಅವ್ವ ಹ್ಞೂಂ ಎಂದಳು, ಅದೂ ಮೂಗಿನಲ್ಲಿ. ಟಿವಿಯ ಮೇಲೆ ಕಸೂತಿಯ ಬಟ್ಟೆ ಹಾಸಿ, ಅದರ ನಡುವೆ ಇಟ್ಟೆ. ಬಂದವರ ಕಣ್ಣಿಗೆ ಬೀಳಲಿ ಎಂದು.

ಮರುದಿನ ಸಂಜೆ ಬಂದು ನೋಡಿದರೆ ಮೇಲಿನ ಪಟ್ಟಿ ಸರಿದಿತ್ತು. ಕೆಂಪಿನ ಮುಖಕ್ಕೆ ನೀಲಿಯ ಪಟ್ಟಿ, ನೀಲಿಗೆ ಕಿತ್ತಳೆಯದು, ಹೀಗೆ ನಾಲ್ಕೂ ಬದಿಗೆ. ಬುದ್ಧಿ ಇದ್ದವನು ಆ ಒಂದೇ ಪಟ್ಟಿಯನ್ನು ಹಿಂದಕ್ಕೆ ತಿರುವಿ ಕೈ ತೊಳೆದುಕೊಳ್ಳುತ್ತಿದ್ದ. ನನಗೆ ಬರುತ್ತಿದ್ದದ್ದು ಬಾಯಿಪಾಠ, ಅದು ಮೊದಲಿನಿಂದಲೇ ಶುರುವಾಗಬೇಕು. ಶುರು ಮಾಡಿದೆ. ನಡುವೆ ಎಲ್ಲೋ ತಪ್ಪಿದೆ. ಒಂದು ಪಟ್ಟಿ ಸರಿದದ್ದು ಪೂರ್ತಿ ಹಾಳಾಯಿತು. ಮನೆಯವರನ್ನೆಲ್ಲ ವಿಚಾರಿಸಿದೆ. ನಿಂಗಪ್ಪ ತನಗೆ ಲಾಳಿ ಹಿಡಿಯಲಿಕ್ಕೇ ಪುರುಸೊತ್ತಿಲ್ಲ ಎಂದ. ಶಾಂತಾ ನನ್ನ ಕಡೆ ನೋಡಿದಳು. ಆ ನೋಟ ನಿಮಗೂ ಪರಿಚಯವಿರಬಹುದು. ಮತ್ತೆ ಸರಿ ಮಾಡಿ ಇಟ್ಟೆ. ಮತ್ತೆ ಸರಿಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ. ಪಕ್ಕದ ಮನೆಯ ಬೆಕ್ಕಿನ ಮೇಲೂ ಅನುಮಾನ ಬಂತು ಎಂದರೆ ನನ್ನ ಸ್ಥಿತಿ ತಿಳಿದುಕೊಳ್ಳಿ.

ಕಾಲೇಜಿಗೆ ರಜೆಯಿದ್ದ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಅವ್ವ ಕಾಲೆಳೆಯುತ್ತ ಬಂದಳು. ಎಡಗೈಯಿಂದ ಕ್ಯೂಬು ತೆಗೆದುಕೊಂಡು ಮಣೆಯ ಮೇಲೆ ಕೂತು, ಅದನ್ನು ಮಡಿಲಿಗೆ ಹಾಕಿಕೊಂಡಳು. ಬಲಗೈಯ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದರ ಸುತ್ತ ಕೂಡಿಸಿದಳು. ಎಡಗೈಯಿಂದ ಮೇಲಿನ ಪಟ್ಟಿಯನ್ನು ತಿರುವಿದಳು. ಆಮೇಲೆ ಸೀರೆಯ ಅಂಚಿನ ದಡಿ ನೋಡುವವರಂತೆ ಕಣ್ಣು ಕಿರಿದು ಮಾಡಿ ನೋಡಿದಳು.

ಅವ್ವಾ, ಏನು ಮಾಡಾಕತ್ತಿ ಎಂದು ಎದ್ದು ಕೂತೆ. ಅವಳು ಗಾಬರಿಯಾಗಲಿಲ್ಲ.

"ಕಾಣಂಗಿಲ್ಲೇನು? ದಡಿ ಹಚ್ಚಾಕತ್ತೇನಿ."

"ಅದಕ್ಕ ದಡಿ ಇರಂಗಿಲ್ಲವ್ವಾ. ಅದು ಹಂಗ ಒಂದ ಬಣ್ಣದ್ದ ಇರಬೇಕು. ಎಷ್ಟ ಕಷ್ಟಪಟ್ಟ ಮಾಡೇನಿ ಗೊತ್ತೇನು?"

"ಆರೂ ಮಗ್ಗಲಾ ಬೋಳ. ದಡಿ ಇಲ್ಲ, ಸೆರಗ ಇಲ್ಲ. ಇಂಥಾದ್ದನ್ನ ಮಂದಿ ನೋಡಂಗ ಟಿವಿ ಮ್ಯಾಲ ಇಟ್ಟೀಯಲ್ಲ, ನೇಕಾರರ ಮನಿ ಅಲ್ಲೇನು ಇದು?"

ಇಡೀ ಜಗತ್ತೇ ಹಾಗೆ ಮಾಡಲಿಕ್ಕೆ ಒದ್ದಾಡುತ್ತದೆ ಎಂದು ನಾನು ವಾದಿಸಿದೆ. ಜಗತ್ತಿಗೆ ಹೇಳುವವರು ಯಾರೂ ಇದ್ದಿಲ್ಲ ಎಂದಳು. ಹಂಗೇರಿಯ ಮೇಷ್ಟ್ರ ವಿಷಯ ತೆಗೆದೆ. ಅವನ ಮನೆಯಲ್ಲಿ ಮಗ್ಗ ಇತ್ತೇ ಎಂದು ಕೇಳಿದಳು. ನನಗೆ ನಿಜಕ್ಕೂ ಸಿಟ್ಟು ಬಂತು. ಬೋಳು ಎನ್ನುವ ಒಂದು ಮಾತಿನಲ್ಲಿ ನನ್ನ ಅಷ್ಟು ದಿನದ ಸಾಧನೆ ಹೋಯಿತಲ್ಲ. ಕ್ಯೂಬನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ ಎಂದು ಎದ್ದೆ. ಶಾಂತಾ ಅಡುಗೆಮನೆಗೆ ಕರೆದು ರೊಟ್ಟಿ ಬಡಿಯುವ ಸದ್ದಿನ ಮರೆಯಲ್ಲಿ ಹೇಳಿದಳು.

"ಸಿಟ್ಟ ಬದಿಗಿಡ್ರಿ. ಅತ್ತಿ ಅದನ್ನ ಹಿಡದದ್ದು ಬಲಗೈಲೆ. ಚೆಂಡ ಹಿಡೀಲಿಲ್ಲ, ಹಿಟ್ಟ ಹಿಡೀಲಿಲ್ಲ, ಇದನ್ನ ಹಿಡದಾರ. ನೀವು ದಿನಾ ಬೋಳ ಮಾಡಿ ಇಡ್ರಿ, ಅವರು ಕೆಡಸ್ಲಿ."

ಹೀಗೆ ಜಗತ್ತಿನಲ್ಲಿ ಯಾರಿಗೂ ಇಲ್ಲದ ಉದ್ಯೋಗವೊಂದು ನನಗೆ ಅಂಟಿಕೊಂಡಿತು. ಮುಂಜಾನೆ ಎದ್ದರೆ ಚಹಕ್ಕಿಂತ ಮೊದಲು ಶಾಂತಾಳ ಪ್ರಶ್ನೆ, ಬೋಳು ಮಾಡಿದಿರೇನು? ಮಾಡದಿದ್ದರೆ ಚಹ ಇಲ್ಲ. ಇಷ್ಟು ದಿನ ಬಾರದ ವಿದ್ಯೆ ಆ ಹೊತ್ತಿಗೆ ಕೈಗೆ ಕೂತುಬಿಟ್ಟಿತ್ತು, ನೋಡದೆಯೂ ಮಾಡುತ್ತಿದ್ದೆ. ಆದರೆ ಹೊಗಳುವವರು ಯಾರು? ಟಿವಿಯ ಮೇಲಿಟ್ಟು ನಾನು ಬಸ್ಸಿಗೆ ಓಡಿದರೆ, ಬಂದ ನೆಂಟರು ನೋಡುವುದು ಅವ್ವನ ದಡಿಯನ್ನೇ. ಇನ್ನೂ ಬರಲಿಲ್ಲವೇನು ನಿಮ್ಮ ಮಗನಿಗೆ ಎಂದು ಅವರು ಅವ್ವನನ್ನು ಕೇಳುತ್ತಿದ್ದರು. ಕಲಿಯಾಕತ್ತಾನ ಎಂದು ಅವ್ವ ನನ್ನ ಪರವಾಗಿ ಹೇಳುತ್ತಿದ್ದಳು.

ಬಲಗೈ ಬರೀ ಹಿಡಿದರೆ ಸಾಲದು, ಅದೇ ತಿರುವಬೇಕು ಎಂದು ಬಾಗಲಕೋಟೆಯ ವ್ಯಾಯಾಮದ ಹುಡುಗಿ ಫೋನಿನಲ್ಲಿ ಹೇಳಿದಳು. ಅದನ್ನು ಅವ್ವನಿಗೆ ಹೇಳುವ ಧೈರ್ಯ ನಮಗಿರಲಿಲ್ಲ. ಹೇಳಿದರೆ ಅವಳು ಕ್ಯೂಬನ್ನೂ ಬೆಕ್ಕಿಗೆ ಕೊಟ್ಟಾಳು. ಹೇಳಬೇಕಾಗಿಯೂ ಬರಲಿಲ್ಲ. ಕೊಂಡಿ ಹಾಕುವಾಗ ಎಡಗೈಯದು ಹಿಡಿಯುವ ಕೆಲಸ, ಬಲಗೈಯದು ಮಾಡುವ ಕೆಲಸ. ಜೀವಮಾನದ ರೂಢಿ. ಒಂದು ದಿನ ಅವಳು ತಾನಾಗಿಯೇ ಕೈ ಬದಲಿಸಿದಳು. ಕ್ಯೂಬನ್ನು ಎಡಗೈಗೆ ಕೊಟ್ಟಳು. ಬಲಗೈಯ ಹೆಬ್ಬೆರಳೂ ತೋರುಬೆರಳೂ ಸೇರಿ ಪಟ್ಟಿಯನ್ನು ನೂಕಿದವು. ಅರ್ಧಕ್ಕೆ ನಿಂತಿತು. ಮತ್ತೆ ನೂಕಿದಳು. ಬಾಗಿಲ ಮರೆಯಲ್ಲಿ ನಾವು ಗಂಡ ಹೆಂಡತಿ ಕಳ್ಳರಂತೆ ನಿಂತು ನೋಡಿದೆವು. ಶಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡಿದ್ದೆ. ಆದರೂ ಆ ನೀಲಿ ಪಟ್ಟಿ ಕೆಂಪಿನ ಮೇಲೆ ಸರಿಯುವುದನ್ನು ನೋಡಿ ಒಳಗೊಳಗೇ ಉರಿದದ್ದೂ ಸುಳ್ಳಲ್ಲ.

ಬೆರಳು ಬಂದವು, ತೋಳು ಬರಲಿಲ್ಲ. ಬಲಗೈ ಏನು ಮಾಡಿದರೂ ಮಡಿಲಲ್ಲೇ ಮಾಡುತ್ತಿತ್ತು, ತೊಡೆ ಬಿಟ್ಟು ಮೇಲೆ ಏಳುತ್ತಿರಲಿಲ್ಲ. ಮಗ್ಗದ ಮುಂದೆ ಕೂತು ಹಾಸಿನ ಎಳೆಗೆ ಕೈ ಚಾಚದೆ ಕೊಂಡಿ ಹಾಕುವುದು ಎಲ್ಲಿ ಬಂತು? ಪರವ್ವ ಬರುತ್ತಲೇ ಇದ್ದಳು. ಅವ್ವ ಗೋಡೆಗೆ ಮುಖ ಮಾಡುತ್ತಲೇ ಇದ್ದಳು. ಇನ್ನಷ್ಟು ದಿನ ತಿರುವಲಿ, ತೋಳೂ ಸಡಿಲಾದೀತು ಎಂಬ ಆಸೆಯಿಂದ ನಾನು ಬೋಳು ಮಾಡುತ್ತ ಹೋದೆ.

ಮೊನ್ನೆ ಸಂಜೆ ಹುನಗುಂದದಿಂದ ಬಂದಾಗ ಟಿವಿಯ ಮೇಲೆ ಕ್ಯೂಬು ಇರಲಿಲ್ಲ. ಅವ್ವ ಮಣೆಯ ಮೇಲೆ, ದೇವರ ಜಗಲಿಯ ಪಕ್ಕದಲ್ಲಿ, ಹಬ್ಬದ ದಿನದವರಂತೆ ಕೂತಿದ್ದಳು. ಕ್ಯೂಬು ಜಗಲಿಯ ಮೇಲಿತ್ತು. ಅದಕ್ಕೆ ವಿಭೂತಿ ಬಳಿದಿದ್ದಳು. ನಮ್ಮ ಮನೆಯಲ್ಲಿ ಮಗ್ಗದಿಂದ ಇಳಿಸಿದ ಸೀರೆಯನ್ನು ಮಡಚಿ, ವಿಭೂತಿ ಮುಟ್ಟಿಸಿ, ಒಂದು ದಿನ ದೇವರ ಮುಂದೆ ಇಟ್ಟೇ ವ್ಯಾಪಾರಿಗೆ ಕಳಿಸುವುದು. ಬಗ್ಗಿ ನೋಡಿದೆ. ಆರೂ ಮುಖದಲ್ಲಿ ಚೌಕಳಿ ಮೂಡಿತ್ತು. ಬಿಳಿಯ ನಡುವೆ ಹಳದಿ, ಕೆಂಪಿನ ನಡುವೆ ಕಿತ್ತಳೆ, ನೀಲಿಯ ನಡುವೆ ಹಸಿರು, ಒಂದು ಬಿಟ್ಟು ಒಂದು, ಎಲ್ಲೂ ಎಳೆ ತಪ್ಪಿಲ್ಲ. ದಡಿ ಹಚ್ಚಿ ಹಚ್ಚಿ ಬೇಸರವಾಗಿ, ಎದುರುಬದುರಿನ ಮಗ್ಗುಲುಗಳನ್ನು ಅರ್ಧರ್ಧ ತಿರುವುತ್ತ ಹೋಗಿದ್ದಾಳೆ. ಹಾಗೆ ಮಾಡಿದರೆ ತಾನಾಗಿ ಚೌಕಳಿ ಬೀಳುತ್ತದೆಂದು ಆಮೇಲೆ ನಾನೂ ವಿಡಿಯೋದಲ್ಲಿ ನೋಡಿದೆ. ಆ ಹೊತ್ತಿಗೆ ಮಾತ್ರ ಬೆಪ್ಪಾಗಿ ನಿಂತೆ.

ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು. ನಾಳೆ ಮತ್ತೆ ಮಾಡುವಿಯಂತೆ ಎಂದೂ ಸೇರಿಸಿದೆ. ಅವ್ವ ತಲೆ ಅಲ್ಲಾಡಿಸಿದಳು.

"ಮುಗೀತದು. ಮುಗದ ಸೀರಿ ಯಾರರ ಬಿಚ್ಚತಾರೇನು?"

ಇದಕ್ಕೊಂದು ಕೊನೆ ಇದೆ ಎಂದು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ಬೆರಳು ಈಗಷ್ಟೇ ಬಿಡಿಸಿಕೊಂಡಿವೆ. ನಿಲ್ಲಿಸಿದರೆ ಮತ್ತೆ ಮಡಚಿಕೊಳ್ಳುತ್ತವೆ. ವೀರೇಶನಿಂದ ಇನ್ನೊಂದು ತರಿಸೋಣ ಎಂದು ಶಾಂತಾ ಅಂದಳು. ಮಾಡಿದ್ದನ್ನೇ ಮಾಡಲಿಕ್ಕೆ ತಾನೇನು ಮಶೀನು ಮಗ್ಗವೇ ಎಂದು ಅವ್ವ ಅದನ್ನೂ ಹೊಡೆದುಹಾಕಿದಳು. ನಾನು ಅನುನಯಿಸಿದೆ, ಡಾಕ್ಟರ ಹೆಸರು ಹೇಳಿದೆ, ಕೊಂಡಿಯ ಆಸೆ ತೋರಿಸಿದೆ. ಕಲ್ಲಿನ ಮೇಲೆ ಮಳೆ ಸುರಿದಂತಾಯಿತು. ನನ್ನ ತಾಳ್ಮೆಯೂ ಒಂದು ಅಳತೆಯದ್ದು. ಇಷ್ಟು ದಿನ ನನ್ನದನ್ನು ಇವಳು ಕೆಡಿಸಲಿಲ್ಲವೇ, ಇವಳದನ್ನು ನಾನು ಒಮ್ಮೆ ಕೆಡಿಸುತ್ತೇನೆ, ನೋಡೋಣ ಏನಾಗುತ್ತದೆ ಎಂದು ಜಗಲಿಗೆ ಕೈ ಹಾಕಿದೆ.

ಮಣಿಕಟ್ಟಿನ ಮೇಲೆ ಚಟಾರನೆ ಪೆಟ್ಟು ಬಿತ್ತು.

ಸಣ್ಣವನಿದ್ದಾಗ ಮಗ್ಗದ ಎಳೆ ಮುಟ್ಟಿದರೆ ಬೀಳುತ್ತಿದ್ದ ಪೆಟ್ಟೇ ಅದು, ಅಷ್ಟು ಜೋರಲ್ಲ. ಕೈ ಹಿಂದೆಗೆದುಕೊಂಡು ಉಜ್ಜಿಕೊಂಡೆ. ಬೈಯಲು ಬಾಯಿ ತೆರೆದವನಿಗೆ ಶಾಂತಾಳ ಮುಖ ಕಂಡಿತು. ಅವಳು ಅವ್ವನ ಕೈ ನೋಡುತ್ತಿದ್ದಳು. ಮಗ್ಗದ ಸದ್ದು ನಿಂತಿತ್ತು, ನಿಂಗಪ್ಪನೂ ಬಗ್ಗಿ ಅದನ್ನೇ ನೋಡುತ್ತಿದ್ದ. ಅವ್ವನ ಎಡಗೈ ಮಡಿಲಲ್ಲೇ ಇತ್ತು. ಜಗಲಿಯ ಮುಂದೆ, ಎದೆಯ ಮಟ್ಟಕ್ಕೆ, ನಡುಗುತ್ತ ನಿಂತದ್ದು ಬಲಗೈ.

ಅವ್ವನೂ ಅದನ್ನು ನೋಡಿದಳು. ಸ್ವಲ್ಪ ಹೊತ್ತು, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದಳು. ಅದು ಮೆಲ್ಲಗೆ ಇಳಿದು ಮಡಿಲಿಗೆ ಬಂತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಇನ್ನೊಮ್ಮೆ ಮುಟ್ಟು, ನೋಡ್ತೇನಿ," ಎಂದಳು.

ನಾನು ಮುಟ್ಟಿದೆ.